ಎಡದ ಕಿಟಕಿ, ಬಲದ ಕಿಟಕಿ

ಅವಳು ತನ್ನ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳ ಜಡೆ ಮುಗಿಸಿ ಇನ್ನೊಬ್ಬಳ ತಲೆಗೆ ಬಾಚಣಿಗೆ ಇಟ್ಟಿದ್ದಳಷ್ಟೇ, ಗಂಡ ಕಂಪ್ಯೂಟರ್ ಮುಂದೆ ಕೂತು ಕೂಗಿದ.

"ಏನೇ ಇದು? ಒಂದೇ ಥರದ ಕಿಟಕಿಗೆ ಎರಡು ನಂಬರಾ?"

ಅವನು ಕಟ್ಟಿಸುವ ಮನೆಗಳ ನಕ್ಷೆ ಬರೆಯುವವಳು ಅವಳೇ. ಈ ಮನೆಯ ಕಿಟಕಿಗಳ ಪಟ್ಟಿ ಇವತ್ತೇ ಬಡಗಿಯ ಕೈ ಸೇರಬೇಕಿತ್ತು.

"ಒಂದೇ ಥರ ಅಲ್ಲ ರೀ. ಮೂರು ಎಡಕ್ಕೆ ತೆರೆಯೋವು, ಮೂರು ಬಲಕ್ಕೆ. ಒಂದೇ ನಂಬರ್ ಹಾಕಿದ್ರೆ ಬಡಗಿ ಆರನ್ನೂ ಎಡಕ್ಕೇ ಮಾಡಿಬಿಡ್ತಾನೆ. ಆಮೇಲೆ ಮೂರು ಕಿಟಕಿ ಗೋಡೆಗೆ ಬಡೀತಾವೆ."

"ಅಳತೆ ಒಂದೇ, ಗಾಜು ಒಂದೇ. ಜಡೆ ಹಾಕೋ ಕೈಗೆ ನಕ್ಷೆ ಕೊಟ್ಟರೆ ಇದೇ ಗತಿ! ಕನ್ನಡಿ ಮುಂದೆ ನಿಂತಾಗ ನೀನೂ ಇಬ್ಬರಾಗಿ ಕಾಣ್ತೀಯ. ಹಾಗಂತ ಎರಡು ಹೆಸರು ಇಟ್ಕೊಂಡಿದ್ದೀಯಾ?"

ಅವಳು ಎರಡನೆಯವಳ ಬೈತಲೆಯನ್ನು ಬಲಕ್ಕೆ ತೆಗೆದಳು. ಮೊದಲನೆಯವಳದು ಎಡಕ್ಕೆ. ಇಬ್ಬರ ನೆತ್ತಿಯ ಸುಳಿ ಹುಟ್ಟಿನಿಂದಲೇ ಹಾಗಿತ್ತು.

ಅವನು ಎರಡು ಸಾಲನ್ನು ಒಂದು ಮಾಡಿ, ಪಟ್ಟಿಯನ್ನು ಬಡಗಿಗೆ ಕಳಿಸಿ, ದೊಡ್ಡ ಕೆಲಸ ಮುಗಿಸಿದವನಂತೆ ಮೈಮುರಿದ.

"ನೋಡು, ಎಷ್ಟು ಸಲೀಸು. ಪುಟ್ಟೀ, ಒಂದು ಲೋಟ ನೀರು ತಾರೇ!"

ಇಬ್ಬರನ್ನೂ ಅವನು ಕರೆಯುತ್ತಿದ್ದದ್ದು ಹಾಗೆಯೇ. ಜಡೆ ಮುಗಿದವಳು ನೀರು ತಂದಳು. ಲೋಟ ಕೊಡದೆ ಅವನ ಮುಖವನ್ನೇ ನೋಡುತ್ತ ನಿಂತಳು. ಇಷ್ಟು ದಿನ ಅಮ್ಮನ ಕಿವಿಯಲ್ಲಿ ಮಾತ್ರ ಪಿಸುಗುಟ್ಟಿದ್ದ ಅನುಮಾನವನ್ನು ಈಗ ಅವನನ್ನೇ ಗಟ್ಟಿಯಾಗಿ ಕೇಳಿದಳು.

"ಅಪ್ಪಾ, ನಾನು ಯಾರು ಹೇಳು?"