ದಾರವಿಲ್ಲದ ಹೊಲಿಗೆ

“ನಿಲ್ಲಿಸೇ ಸಾಕು!” ಎಂದು ಅಕ್ಕ ಹೊಲಿಗೆ ಮೆಷಿನ್ನಿನ ಚಕ್ರವನ್ನೇ ಹಿಡಿದುಬಿಟ್ಟಳು. “ಯಾರಿಗೆ ಹೊಲೀತಿದ್ದೀಯ ನೀನು? ಸೂಜೀಲಿ ದಾರಾನೇ ಇಲ್ಲ!”

ತಂಗಿ ಸಿಕ್ಕಿಬಿದ್ದ ಕಳ್ಳಿಯ ಹಾಗೆ ಮುಖ ಮಾಡಿಕೊಂಡಳು. “ಮೆಲ್ಲಗೆ ಮಾತಾಡೇ, ಹೊರಗೆ ಜನ ಓಡಾಡ್ತಿದ್ದಾರೆ. ನೊಣ ಹೊಡೀತಾ ಕೂತಿರೋ ಅಂಗಡಿಗೆ ಯಾರು ಬರ್ತಾರೆ? ಅದಕ್ಕೇ ಯಾರಾದ್ರೂ ಈ ಕಡೆ ಬಂದ್ರೆ ಸುಮ್ನೆ ತುಳೀತೀನಿ.”

“ಅಂಗಡಿ ಇಟ್ಟಾಗಿಂದ ಇದೇ ನಾಟಕಾನಾ? ಅಯ್ಯೋ ನನ್ನ ಕರ್ಮವೇ! ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನೋದು ಇದಕ್ಕೇ ನೋಡು.”

ಅಕ್ಕ ಬಂದದ್ದು ಅಂಗಡಿಯ ಸಾಮಾನು ಕಟ್ಟಲು. ಬಟ್ಟೆ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕಾಲರ್ ಮಾತ್ರ ಹೊಲಿದಿದ್ದ ತಂಗಿಗೆ ಒಂದೇ ಒಂದು ಆಸೆ: ಇಡೀ ಅಂಗಿಯನ್ನು ತಾನೇ ಹೊಲಿಯಬೇಕು, ಅದನ್ನು ತೊಟ್ಟವರ ಮುಖ ನೋಡಬೇಕು. ಅದಕ್ಕೆಂದೇ ಕೆಲಸ ಬಿಟ್ಟು ಈ ಅಂಗಡಿ ಇಟ್ಟಳು. ಗಿರಾಕಿಗಳು ಮಾತ್ರ ಬರಲೇ ಇಲ್ಲ. ನಾಳೆಯಿಂದ ಮತ್ತೆ ಕಾಲರ್ ಹೊಲಿಯಲು ಹೋಗುವುದೆಂದು ಅಕ್ಕ ತಂಗಿ ಕೂತು ತೀರ್ಮಾನಿಸಿಯಾಗಿತ್ತು. ತೀರ್ಮಾನವೇನೋ ಸರಿ, ಸಂಕಟ ಹೋಗಬೇಕಲ್ಲ! ಅರ್ಧ ಪೆಟ್ಟಿಗೆ ತುಂಬುವಷ್ಟರಲ್ಲೇ ತಂಗಿಗೆ ಅಳು ಬಂದಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ಇಣುಕಿದಳು. “ಅಬ್ಬ, ಅಂತೂ ಬಿಡುವಾಯ್ತಾ ನಿಮಗೆ! ಕೆಲಸಕ್ಕೆ ಹೋಗ್ತಾ ಬರ್ತಾ ದಿನಾ ನೋಡ್ತೀನಿ, ತಲೆ ಎತ್ತೋಕೂ ನಿಮಗೆ ಪುರುಸೊತ್ತಿರಲ್ಲ. ಇಷ್ಟು ಕೆಲಸ ಇರೋರಿಗೆ ನಂದೊಂದು ಯಾಕೆ ತಗಲಿಹಾಕೋದು ಅಂತ ಹಾಗೇ ಹೋಗಿಬಿಡ್ತಿದ್ದೆ.”

ಅಕ್ಕ ತಂಗಿಯನ್ನು ನೋಡಿದಳು. ತಂಗಿ ನೆಲ ನೋಡಿದಳು.

“ನಮ್ಮಮ್ಮನಿಗೆ ಲಕ್ವ ಹೊಡೆದು ಬಲಗೈ ಎತ್ತೋಕಾಗಲ್ಲ,” ಹೆಂಗಸು ಒಳಗೆ ಬಂದು ಹೇಳಿದಳು. “ಅಂಗಿಗೆ ತೋಳು ತೂರಿಸೋವಾಗ ದಿನಾ ನೋವು, ದಿನಾ ಅಳು. ಕೈ ಎತ್ತದೆ ಹಾಕೋ ಹಾಗೆ ಹೊಲಿದುಕೊಡಿ ಅಂತ ಬೇರೆ ಟೈಲರ್‌ಗಳನ್ನ ಕೇಳಿದೆ, ಅಂಥದ್ದೆಲ್ಲ ಹೊಲಿಯಲ್ಲ ಅಂದ್ರು. ನಿಮ್ಮ ಕೈಲಾಗುತ್ತಾ?”

‘ನನಗೆ ಕಾಲರ್ ಬಿಟ್ಟರೆ…’ ಎಂಬ ಮಾತು ತಂಗಿಯ ನಾಲಿಗೆ ತುದಿಯವರೆಗೂ ಬಂತು. ನುಂಗಿಕೊಂಡಳು. “ಮಲಗಿದಲ್ಲೇ ಹಾಕ್ತೀರಾ, ಕೂರಿಸಿ ಹಾಕ್ತೀರಾ?”

“ಕೂರಿಸಿ.”

“ಹಾಗಾದ್ರೆ ಕತ್ತಿನಿಂದ ತೋಳಿನ ತುದೀವರೆಗೂ ಪೂರ್ತಿ ತೆರೆಯೋ ಹಾಗೆ ಮಾಡೋಣ. ಅವರು ಕೈ ಎತ್ತೋದೇ ಬೇಡ, ಬಟ್ಟೆನೇ ಕೈ ಹತ್ರ ಬರ್ಲಿ. ಉದ್ದಕ್ಕೂ ಪ್ರೆಸ್ ಬಟನ್ ಹಾಕ್ತೀನಿ, ನೀವು ಒತ್ತಿದ್ರಾಯ್ತು.” ತನ್ನ ದನಿ ಇಷ್ಟು ಗಟ್ಟಿಯಾಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. “ಆದ್ರೆ ಮೊದಲು ಅಮ್ಮನ್ನ ನೋಡ್ಬೇಕು. ಮನೆ ಹತ್ರಾನೇ ತಾನೆ? ನಡೀರಿ, ಈಗಲೇ ಬರ್ತೀನಿ.”

ಹೆಂಗಸಿನ ಕಣ್ಣು ತುಂಬಿಬಂತು. ತಂಗಿ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.

“ಏಯ್, ನಾಳೆ ಕಾರ್ಖಾನೆಗೆ ಏನು ಹೇಳೋದೇ?” ಅಕ್ಕ ಕೇಳಿದಳು.

“ಕಾಲರ್ ಹೊಲಿಯೋಕೆ ಅಲ್ಲಿ ಬೇಕಾದಷ್ಟು ಜನ ಇದ್ದಾರೆ ಕಣೇ. ಇವರ ಅಮ್ಮನಿಗೆ ಯಾರಿದ್ದಾರೆ?”

ಇಬ್ಬರೂ ಬೀದಿ ದಾಟುವವರೆಗೆ ಅಕ್ಕ ನೋಡುತ್ತಾ ನಿಂತಳು. ಆಮೇಲೆ ಅರ್ಧ ತುಂಬಿದ ಪೆಟ್ಟಿಗೆಯನ್ನು ಕಾಲಿನಿಂದ ಮೂಲೆಗೆ ತಳ್ಳಿ, ಸ್ಟೂಲನ್ನು ಹೊಸ್ತಿಲ ಪಕ್ಕಕ್ಕೆ ಎಳೆದು, ಖಾಲಿ ಕೈಗಳನ್ನು ಮಡಿಲಲ್ಲಿಟ್ಟು ಎಲ್ಲರಿಗೂ ಕಾಣುವಂತೆ ಕೂತಳು. ಎದುರಿಗೆ ಬಂದವರನ್ನೆಲ್ಲ ನಗುನಗುತ್ತಾ ಕರೆಯತೊಡಗಿದಳು:

“ಬನ್ನಿ, ಬನ್ನಿ. ನಮಗೇನೂ ಕೆಲಸ ಇಲ್ಲ!”