ಔಟ್ ಆದ ಚೆಂಡಿಗೂ ಒಂದು ಗೀಟು

"ಆ ಪುಸ್ತಕ ಇಲ್ಲಿ ಕೊಡು ಆಯಿ!"

ಕೋಚ್ ಶಫಿ ಕೈಚಾಚಿದ್ದೇ ತಡ, ಶಂಕ್ರಮ್ಮ ನೋಟ್‌ಬುಕ್ಕನ್ನು ಸೆರಗಿನೊಳಗೆ ತುರುಕಿಕೊಂಡಳು. ಕಲಬುರಗಿಯ ಟೆನಿಸ್ ಅಂಗಳದ ಜಾಲರಿಗೆ ಮೂಗು ತಾಗಿಸಿ ಮುದುಕಿ ಕುಳಿತದ್ದು ಇದು ಒಂಬತ್ತನೆಯ ಪಂದ್ಯ. ಶಫಿಯ ಶಿಷ್ಯೆ ಅಂಜನಾ ಆಡುವಾಗ ಮಾತ್ರ ಬರುತ್ತಾಳೆ. ಚೆಂಡು ಅಂಜನಾಳತ್ತ ಬಂದಾಗಲೆಲ್ಲ ಜೋಳದ ಚೀಲ ಎಣಿಸುವವರ ಹಾಗೆ ಒಂದು ಗೀಟು ಎಳೆಯುತ್ತಾಳೆ. ಹೊಡೆದರೂ ಗೀಟು, ತಪ್ಪಿದರೂ ಗೀಟು, ಔಟ್ ಆದರೂ ಗೀಟು. ಅಂಜನಾ ಬೆಂಚಿನ ಮೇಲೆ ಕುಳಿತು ಕಣ್ಣಿಗೆ ಹನಿ ಹಾಕಿಕೊಳ್ಳುವಾಗ ಮಾತ್ರ ಮುದುಕಿಯ ಪೆನ್ಸಿಲು ನಿಲ್ಲುತ್ತದೆ.

"ನಮ್ಮ ಹುಡುಗಿ ಎಲ್ಲಿ ತಪ್ತಾಳ ಅಂತ ಯಾರಿಗೆ ಬರಕೊಂಡು ಹೋಗ್ತಿ?"

"ಯಾರಿಗ್ಯಾಕ್ರೀ ಸಾಹೇಬ್ರ? ನಮ್ಮ ಮೊಮ್ಮಗಳು ಶೀಲಾನ ಲೆಕ್ಕ ಇಡಾಕತ್ತೀನಿ."

"ಹಾಂ! ಅಕಿನೂ ಆಡ್ತಾಳೇನು?"

"ಆಡೋದೇನು ಕೇಳ್ತೀರಿ! ಅಕಿ ಓಡಿದ್ರ ಕಮಲಾಪುರದ ಬಸ್ಸು ಹಿಂದ ಬೀಳ್ತಿತ್ತು."

"ಎಲ್ಲದಾಳ?"

"ಇಲ್ಲೇ ಅದಾಳ. ನೋಡಾಕತ್ತಾಳ."

ಶಫಿ ಸುತ್ತ ಕಣ್ಣಾಡಿಸಿದ. ಕಬ್ಬಿನ ಹಾಲಿನ ಗಾಡಿಯವನು ಬಿಟ್ಟರೆ ಯಾರೂ ಇರಲಿಲ್ಲ.

ಪಂದ್ಯ ಮೂರನೆಯ ಸೆಟ್ಟಿಗೆ ಎಳೆಯಿತು. ಕೊನೆಗೆ ಅಂಜನಾ ಸೋತಳು. ಶಂಕ್ರಮ್ಮನ ಬೊಚ್ಚುಬಾಯಿ ಕಿವಿಯವರೆಗೆ ಅರಳಿತು.

ಶಫಿಯ ಪಿತ್ತ ನೆತ್ತಿಗೇರಿತು. ನೋಟ್‌ಬುಕ್ಕನ್ನು ಕಿತ್ತುಕೊಂಡ. ಪುಟಪುಟಕ್ಕೂ ಗೀಟುಗಳು. ಹೆಸರಿಲ್ಲ, ಸ್ಕೋರಿಲ್ಲ.

"ಗೆದ್ದದ್ದು ಸೋತದ್ದು ಎಲ್ಲಿ ಅದ ಇದರಾಗ?"

"ಅದು ತಗೊಂಡು ನಾ ಏನ್ ಮಾಡ್ಲಿರೀ?"

ಅವನು ಪುಸ್ತಕವನ್ನು ಮಡಚಿ ಜೇಬಿಗಿಟ್ಟ. ಮುದುಕಿಯ ನಗೆಚಾಟಿಕೆ ಅಲ್ಲಿಗೇ ಸತ್ತಿತು.

"ಸಾಹೇಬ್ರ, ಕಾಲು ಬೀಳ್ತೀನಿ. ಕಮಲಾಪುರದಾಗ ನನ್ನ ಮಗಳು ತಾಟು ಮುಂದಿಟ್ಟುಕೊಂಡು ಕುಂತಾಳ. ಆ ಗೀಟು ಕಾಣೋತನಕ ಅನ್ನ ಮುಟ್ಟಂಗಿಲ್ಲ."

ಶಫಿ ಅವಳನ್ನೇ ದಿಟ್ಟಿಸಿದ. ಹುಚ್ಚು ಮುದುಕಿ ಎಂದುಕೊಂಡಿರಬೇಕು. ಪುಸ್ತಕವನ್ನು ಅವಳ ಮಡಿಲಿಗೆ ಎಸೆದ.

"ಇನ್ನ ಮ್ಯಾಲ ಈ ಕಡಿ ಕಾಲಿಟ್ಟಿ ಅಂದ್ರ ನೋಡು."

ಮಹಾಗಾಂವ ದಾಟುವವರೆಗೂ ಶಂಕ್ರಮ್ಮ ಬಸ್ಸಿನಲ್ಲಿ ಗೀಟು ಎಣಿಸಿದಳು. ಹತ್ತು ರೊಟ್ಟಿ ಬಡಿದರೆ ನೂರು ಎನ್ನುವ ಬಾಯಿ ಅವಳದು. ಈ ಪುಸ್ತಕದಲ್ಲಿ ಮಾತ್ರ ಒಂದು ಗೀಟೂ ಹೆಚ್ಚಿಲ್ಲ.

ಮನೆಯಲ್ಲಿ ಮಗಳು ಸುಮಂಗಲಾ ಬಾಗಿಲಿಗೆ ಮುಖ ಮಾಡಿ ಕುಳಿತಿದ್ದಳು. ತಾಟಿನಲ್ಲಿ ರೊಟ್ಟಿ ಒಣಗಿ ಸೆಟೆದಿತ್ತು.

"ಎಷ್ಟವ್ವಾ?"

"ನಾಕುನೂರಾ ಹನ್ನೊಂದು."

"ಸುಳ್ಳು ಹೇಳಬ್ಯಾಡ."

"ಎಣಿಸಿ ನೋಡು."

ಸುಮಂಗಲಾ ಒಂದೊಂದೇ ಗೀಟಿನ ಮೇಲೆ ಬೆರಳಿಟ್ಟು ಎಣಿಸಿದಳು. ಮಗುವಿನ ಬೆನ್ನು ಸವರುವ ಹಾಗೆ.

"ಹನಿ ಹಾಕ್ಕೊಂಡಳಾ?"

"ಮೂರು ಸರ್ತಿ. ಈಗ ಕೆಂಪಗಿಲ್ಲ, ತಿಳಿ ಆಗ್ಯಾದ."

"ಮುಂದಿನ ಆಟದಾಗ ಎಷ್ಟು ಆಗಬಹುದವ್ವಾ?"

ಇನ್ನು ಆ ಕಡೆ ಕಾಲಿಡಬೇಡ ಎಂದ ಶಫಿಯ ಮಾತನ್ನು ಶಂಕ್ರಮ್ಮ ನುಂಗಿಕೊಂಡಳು.

"ಸಾವಿರ," ಎಂದಳು. ಆ ಪುಸ್ತಕದ ಬಗ್ಗೆ ಅವಳು ಆಡಿದ ಮೊದಲ ಸುಳ್ಳು ಅದು.

ಆಮೇಲೆ ತುತ್ತು ಮುರಿದು ಮಗಳ ಬಾಯಿಗೆ ಹಿಡಿದಳು. "ಉಣ್ಣು ನನ್ನವ್ವ. ಮಣ್ಣು ಕೊಡೋಕಿಂತ ಮೊದಲ ನಾವು ದಾನ ಕೊಟ್ಟ ನಮ್ಮ ಶೀಲಾನ ಕಣ್ಣು, ಆ ಹುಡುಗಿ ಮುಖದಾಗ ಕುಂತು, ಇವತ್ತ ನಾಕುನೂರಾ ಹನ್ನೊಂದು ಚೆಂಡು ನೋಡ್ಯಾದ."