ಕುದುರೆಯ ಮೇವು

ಚಪ್ಪಲಿಯ ಪಟ್ಟಿಯೊಳಗೆ ಸಿಕ್ಕಿಸಿದ್ದ ಹಸಿ ಹುಲ್ಲನ್ನೆಲ್ಲ ಸುಂದರವ್ವ ಕಿತ್ತು ಮುಷ್ಟಿಯಲ್ಲಿ ಹಿಡಿದಳು. ಹೊಸ್ತಿಲ ಬಳಿ ಇಟ್ಟಿದ್ದ ಆ ಜೋಡು ಅವಳದಲ್ಲ; ಗಂಡ ದುಂಡಪ್ಪನ ಮೊದಲ ಹೆಂಡತಿ, ತೀರಿಹೋದ ಸೋಮವ್ವನದು. ಹಬ್ಬಹಬ್ಬಕ್ಕೂ ಅವನು ಅದಕ್ಕೆ ಎಣ್ಣೆ ಹಚ್ಚಿ ಗೂಟಕ್ಕೆ ತೂಗುಹಾಕುತ್ತಿದ್ದ. ಸುಂದರವ್ವನ ಚಪ್ಪಲಿಯ ಉಂಗುಟ ಹರಿದು ತಿಂಗಳಾದರೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಮೂರು ವರ್ಷ ತಲೆ ಬಾಚಿ, ತುತ್ತಿಟ್ಟು ಬೆಳೆಸಿದ ಸವತಿಯ ಮಗಳೂ ಈಗ ಅದೇ ಜೋಡನ್ನು ಆರಿಸಿದ್ದಳು.

“ಇವನ್ನ ಯಾಕ ಇಳಿಸಿದಿ, ಚಂಬವ್ವಾ?”

“ನಾಳೆ ಕ್ರಿಸ್ಮಸ್ ಅಂತ, ಚಿಗವ್ವಾ. ಪಾದ್ರಿ ಸಾಲಿ ಅಕ್ಕಾರು ಹೇಳಿದ್ರು. ಅವರ ದೇಶದಾಗ ಬಿಳಿ ಗಡ್ಡದ ಅಜ್ಜ ಕುದರಿ ಮ್ಯಾಲ ಬರತಾನಂತ. ಚಪ್ಪಲ್ಯಾಗ ಮೇವು ಇಟ್ಟರ ಕುದರಿಗೆ ತಿನಿಸಿ, ಅಲ್ಲೇ ಏನರ ಇಟ್ಟು ಹೋಗತಾನಂತ.”

“ಹೌದಾ? ಅಲ್ಲೇ ಬಾಗಲದಾಗ ನನ್ನ ಚಪ್ಪಲಿ ಬಿದ್ದಿದ್ವು. ಅವು ನಿನ್ನ ಅಜ್ಜಗ ನಡ್ಯಾಂಗಿಲ್ಲೇನು?”

ಇಷ್ಟೂ ತಿಳಿಯದವಳೇ ಎಂಬಂತೆ ಚಂಬವ್ವ ಅವಳನ್ನು ನೋಡಿದಳು. “ಅಜ್ಜ ಬರೂದು ತಡ ಆದ್ರ? ಮುಂಜಾನೆ ನೀ ಸಜ್ಜಿ ಹೊಲಕ್ಕ ಏನ್ ಮೆಟಗೊಂಡು ಹೋಗಾಕಿ? ಕೊಯ್ದ ದಂಟಿನ ಕೂಳಿ ಚುಚ್ಚತಾವಲ್ಲ ನಿನಗ. ಸತ್ತ ಅವ್ವಗ ಅವೇನು ಚುಚ್ಚೂದಿಲ್ಲ.”

ಸುಂದರವ್ವ ಕುಕ್ಕರಗಾಲಿನಲ್ಲಿ ಕುಳಿತು, ಮುಷ್ಟಿಯೊಳಗಿನ ಹುಲ್ಲನ್ನು ಸೋಮವ್ವನ ಚಪ್ಪಲಿಗೇ ಒಂದೊಂದೆಳೆಯಾಗಿ ಮತ್ತೆ ಸಿಕ್ಕಿಸಿದಳು.

“ಇಷ್ಟರಾಗ ಕುದರಿ ಹೊಟ್ಟಿ ತುಂಬಂಗಿಲ್ಲ,” ಎಂದಳು. “ಹೋಗು, ಒಂದು ಹಿಡಿ ಹುರಳಿ ತಗೊಂಡು ಬಾ.”